ಒಂದೇ ಜೀರುಂಡೆ, ಎರಡು ಕುಟುಂಬ: ಯಾವುದನ್ನು ನಂಬೋಣ?

ಪ್ರಶ್ನೆ: ಮೇಡಂ, ಲೀಹರ್ಮೇನಿಯಾ ಎಂಬ ಅಳಿದುಹೋದ ಜೀರುಂಡೆ ಕುಲದ ಬಗ್ಗೆ ಓದುತ್ತಿದ್ದೆ. ಒಂದು ಕಡೆ ಅದು ರೋವ್ ಬೀಟಲ್ ಕುಟುಂಬದ ಅತಿ ಹಳೆಯ ಸದಸ್ಯ ಎಂದಿದೆ. ಇನ್ನೊಂದು ಕಡೆ ಅದು ಆ ಕುಟುಂಬವೇ ಅಲ್ಲ, ಉಪಗಣವೇ (ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪು) ಬೇರೆ ಎಂದಿದೆ. ಕಲ್ಲು ಅದೇ, ಹೆಸರೂ ಅದೇ. ಯಾವುದು ಸರಿ?

ಉತ್ತರ: ಎರಡನೆಯದು ಸರಿ. ಮೊದಲನೆಯದನ್ನು ಬರೆದವರೂ ಸುಮ್ನೆ ಬರೆದಿಲ್ಲ. ಅವರು ಬರೆಯುವ ಹೊತ್ತಿಗೆ ಇದ್ದ ಉತ್ತರ ಅದೇ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಜೀರುಂಡೆ ಅಂದ ತಕ್ಷಣ ಕೆಲವರಿಗೆ ಮರದ ಮೇಲೆ ಕೂತು ಜೀರ್ ಎಂದು ಕಿರುಚುವ ಕೀಟ ನೆನಪಾಗುತ್ತದೆ. ನಾವು ಮಾತಾಡುತ್ತಿರುವುದು ಬೀಟಲ್ ಬಗ್ಗೆ. ಬೆನ್ನ ಮೇಲೆ ಮುಚ್ಚಳದಂಥ ಎರಡು ಗಟ್ಟಿ ಮೇಲ್ರೆಕ್ಕೆ, ಅದರಡಿ ಮಡಿಚಿಟ್ಟ ತೆಳು ರೆಕ್ಕೆ ಇರುವ ಹುಳು. ಹೆಸರಿಟ್ಟ ಪ್ರಭೇದಗಳೇ ಸುಮಾರು 4 ಲಕ್ಷ ಇವೆ. ಇವತ್ತು ಬದುಕಿರುವ ಅಷ್ಟನ್ನೂ ನಾಲ್ಕು ಉಪಗಣಗಳಲ್ಲಿ ಇಡುತ್ತಾರೆ: ಆರ್ಕೋಸ್ಟೆಮಾಟಾ, ಮಿಕ್ಸೋಫಾಗಾ, ಅಡೆಫಾಗಾ, ಪಾಲಿಫಾಗಾ. ಹತ್ತರಲ್ಲಿ ಒಂಬತ್ತರಷ್ಟು ಪ್ರಭೇದಗಳು ಪಾಲಿಫಾಗಾದಲ್ಲೇ ಬರುತ್ತವೆ, ರೋವ್ ಬೀಟಲ್ ಕೂಡ ಅಲ್ಲಿಯದೇ. ಮಿಕ್ಸೋಫಾಗಾ ಮಾತ್ರ ತೀರಾ ಚಿಕ್ಕ ಗುಂಪು. ಒದ್ದೆ ಬಂಡೆಯ ಮೇಲೆ, ನೀರಂಚಿನಲ್ಲಿ ಪಾಚಿ ತಿಂದು ಬದುಕುವ, ಒಂದೆರಡು ಮಿಲಿಮೀಟರ್ ಉದ್ದದ ಹುಳುಗಳು.

ಈಗ ಲೀಹರ್ಮೇನಿಯಾ. ಅಮೆರಿಕದ ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿ ಸಾಲೈಟ್ ಎಂಬ ಕಲ್ಲುಗಣಿ ಇದೆ. ಅಲ್ಲಿಯ ಕಪ್ಪು ಪದರಗಲ್ಲುಗಳಲ್ಲಿ ಟ್ರಯಾಸಿಕ್ ಕಾಲದ, ಅಂದರೆ ಸುಮಾರು 22 ಕೋಟಿ ವರ್ಷ ಹಳೆಯ ಕೀಟಗಳು ಸಿಗುತ್ತವೆ. ಅವುಗಳಲ್ಲಿ ಒಂದು ಪುಟ್ಟ ಜೀರುಂಡೆಗೆ 2012ರಲ್ಲಿ ಸ್ಟೈಲಿಯಾನೋಸ್ ಚಾಟ್ಜಿಮನೋಲಿಸ್ ಮತ್ತು ಸಂಗಡಿಗರು ಲೀಹರ್ಮೇನಿಯಾ ಪ್ರೊರೋವಾ ಎಂದು ಹೆಸರಿಟ್ಟರು. ಅದರ ಮೇಲ್ರೆಕ್ಕೆ ಮೋಟು, ಹೊಟ್ಟೆಯ ಪಟ್ಟಿಗಳು ಹಿಂದೆ ಬರಿದಾಗಿ ಕಾಣುತ್ತವೆ. ರೋವ್ ಬೀಟಲ್‌ಗಳ ಗುರುತೇ ಅದು, ಅಲ್ವಾ? ಅಂಗಿ ಗಿಡ್ಡವಾಗಿ ಹೊಟ್ಟೆ ಹೊರಗೆ ಕಂಡ ಹಾಗೆ. ಹಾಗಾಗಿ ಅದನ್ನು ಆ ಕುಟುಂಬದಲ್ಲೇ ಇಟ್ಟರು. ಹೆಸರನ್ನೂ ರೋವ್ ಬೀಟಲ್‌ಗಳ ದೊಡ್ಡ ತಜ್ಞ ಲೀ ಹರ್ಮನ್ ಅವರ ಗೌರವಕ್ಕೆ ಇಟ್ಟರು.

ಆಮೇಲೆ ಮಾರ್ಟಿನ್ ಫಿಕಾಚೆಕ್ ಮತ್ತು ಹಲವು ಜೀರುಂಡೆ ತಜ್ಞರು ಸೇರಿ ಇದನ್ನು ಮತ್ತೆ ಪರೀಕ್ಷಿಸಿದರು. ಅವರ ಕೆಲಸ 2019ರ ಕೊನೆಯಿಂದ 2020ರ ಹೊತ್ತಿಗೆ ಹೊರಬಂತು. ಅವರು ಕೇಳಿದ ಪ್ರಶ್ನೆ ಬೇರೆ ಥರ ಇತ್ತು. ‘ಇದು ರೋವ್ ಬೀಟಲ್‌ಗಳಲ್ಲಿ ಎಲ್ಲಿ ಕೂರುತ್ತದೆ?’ ಎಂದು ಕೇಳುವ ಬದಲು ‘ಇದು ಇಡೀ ಜೀರುಂಡೆ ಗಣದಲ್ಲಿ ಎಲ್ಲಿ ಕೂರುತ್ತದೆ?’ ಎಂದು ಕೇಳಿದರು. ಕಲ್ಲಿನಲ್ಲಿ ಕಾಣುವ ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಬೇರೆ ಉಪಗಣಗಳ ಜೀರುಂಡೆಗಳ ಜೊತೆಗೂ ಹೋಲಿಸಿ, ವಂಶವೃಕ್ಷ ಕಟ್ಟಿ ನೋಡಿದಾಗ ಲೀಹರ್ಮೇನಿಯಾ ಪಾಲಿಫಾಗಾ ಬಿಟ್ಟು ಮಿಕ್ಸೋಫಾಗಾಕ್ಕೆ ಹೋಗಿ ಕೂತಿತು, ಹೈಡ್ರೋಸ್ಕಾಫಿಡೇ ಎಂಬ ಕುಟುಂಬದ ಪಕ್ಕದಲ್ಲಿ. ಆ ಕುಟುಂಬದ ಇವತ್ತಿನ ಹುಳುಗಳಿಗೂ ಮೇಲ್ರೆಕ್ಕೆ ಮೋಟೇ! ಒಂದೇ ಲಕ್ಷಣ ಎರಡು ಬೇರೆ ಬೇರೆ ಬಳಗಗಳಲ್ಲಿ ತಾನಾಗಿ ಬಂದಿದೆ. ಮೊದಲ ಸಲ ಎಲ್ಲರೂ ಎಡವಿದ್ದು ಅಲ್ಲಿ.

ಇದರಲ್ಲಿ ನಷ್ಟವೇನು ಎಂದು ಕೇಳಬಹುದು. ಸಾಕಷ್ಟಿದೆ. ಇವತ್ತಿನ ಜೀವಿಗಳ ಡಿಎನ್‌ಎ ವ್ಯತ್ಯಾಸ ನೋಡಿ ಯಾವ ಬಳಗ ಯಾವಾಗ ಕವಲೊಡೆಯಿತು ಎಂದು ಲೆಕ್ಕ ಹಾಕುವವರಿಗೆ, ಆ ಲೆಕ್ಕವನ್ನು ಕಟ್ಟಿಹಾಕಲು ವಯಸ್ಸು ಗೊತ್ತಿರುವ ಪಳೆಯುಳಿಕೆ ಬೇಕು. ‘ಅತಿ ಹಳೆಯ ರೋವ್ ಬೀಟಲ್ 22 ಕೋಟಿ ವರ್ಷದ್ದು’ ಎಂದು ಗೂಟ ಹೊಡೆದು ಲೆಕ್ಕ ಹಾಕಿ, ಆಮೇಲೆ ಅದು ರೋವ್ ಬೀಟಲ್ಲೇ ಅಲ್ಲ ಎಂದಾದರೆ, ಆ ಗೂಟಕ್ಕೆ ಕಟ್ಟಿದ ವಯಸ್ಸುಗಳೆಲ್ಲ ಜರುಗುತ್ತವೆ. ಅದಕ್ಕೇ ನಾನು ಹೇಳುವುದು ಇಷ್ಟು: ಅಳಿದ ಕುಲದ ಹೆಸರು ಓದಿದಾಗ ‘ಯಾವ ಕುಟುಂಬ’ ಎಂಬುದರ ಜೊತೆಗೆ ‘ಯಾವ ಲಕ್ಷಣ ನೋಡಿ’ ಎಂದೂ ಕೇಳಿ. ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಮೊದಲನೆಯದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕುಲ, ಜಾತಿ ಎರಡೂ ಒಂದೇನಾ?

ಉತ್ತರ: ಕೆಲವು ಪುಸ್ತಕಗಳಲ್ಲಿ ಜೀನಸ್ ಎಂಬುದನ್ನು ಜಾತಿ ಎನ್ನುತ್ತಾರೆ, ಕೆಲವದರಲ್ಲಿ ಕುಲ. ನಾನು ಕುಲ ಎನ್ನುತ್ತೇನೆ, ಯಾಕೆಂದರೆ ಜಾತಿ ಎಂದರೆ ಪ್ರಭೇದ ಎಂದು ತಿಳಿಯುವವರೂ ಇದ್ದಾರೆ. ಲೀಹರ್ಮೇನಿಯಾ ಕುಲ, ಪ್ರೊರೋವಾ ಸೇರಿದರೆ ಪ್ರಭೇದ.

ಪ್ರಶ್ನೆ: ಕಲ್ಲಿನಲ್ಲಿ ಚಪ್ಪಟೆಯಾಗಿ ಹೋದ ಹುಳುವಿನಲ್ಲಿ ನೋಡುವುದಾದರೂ ಏನನ್ನು? ಚಿತ್ರ ನೋಡಿದರೆ ನನಗೆ ಬರೀ ಕಪ್ಪು ಕಲೆ ಕಾಣುತ್ತದೆ.

ಉತ್ತರ: ನನಗೂ ಮೊದಲ ಸಲ ಹಾಗೇ ಕಂಡಿತ್ತು. ಸೂಕ್ಷ್ಮದರ್ಶಕದ ಕೆಳಗೆ ಬೂದು ಬಣ್ಣದ ಪದರಗಲ್ಲು, ಅದರ ಮೇಲೆ ಅಕ್ಕಿಕಾಳಿನಷ್ಟು ಕಂದು ಗುರುತು. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಇಲ್ಲ. ತೋರಿಸುತ್ತಿದ್ದವರು ದೀಪವನ್ನು ಪಕ್ಕಕ್ಕೆ ಬಗ್ಗಿಸಿ, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಇಟ್ಟರು. ಮೇಲ್ರೆಕ್ಕೆಯ ಅಂಚು ಎದ್ದು ಕಂಡಿತು. ಆಮೇಲೆ ಕುಂಚದ ತುದಿಯಿಂದ ಒಂದು ಹನಿ ಆಲ್ಕೋಹಾಲ್ ಬಿಟ್ಟರು. ಕಲ್ಲು ಕಪ್ಪಾಯಿತು, ಗುರುತು ಇನ್ನೂ ಗಾಢವಾಯಿತು, ಮೇಲ್ರೆಕ್ಕೆಯ ಉದ್ದಕ್ಕೂ ಸೂಜಿಮೊನೆಯಷ್ಟು ಗುಳಿಗಳ ಸಾಲುಗಳು ಒಂದೊಂದಾಗಿ ಮೂಡಿದವು. ಎಣಿಸಲು ಶುರು ಮಾಡಿದೆ. ನಾಲ್ಕನೇ ಸಾಲು ಮುಗಿಯುವಷ್ಟರಲ್ಲಿ ಆಲ್ಕೋಹಾಲ್ ಆರಿತು, ಸಾಲುಗಳು ಮತ್ತೆ ಕಲ್ಲಿನೊಳಗೆ ಮುಳುಗಿದವು. ಇನ್ನೊಂದು ಹನಿ, ಮತ್ತೆ ಎಣಿಕೆ. ಕೆಲಸ ನಡೆಯುವುದು ಹೀಗೆ, ಹನಿ ಹನಿಯಾಗಿ.

ನೋಡುವುದು ಏನನ್ನು ಎಂದರೆ, ಮುಖ್ಯವಾಗಿ ಹೊಟ್ಟೆಯ ಕಡೆಯನ್ನು. ಬೆನ್ನು ಚೆಂದ, ಆದರೆ ಬೆನ್ನು ಮೋಸ ಮಾಡುತ್ತದೆ. ಹಿಂಗಾಲು ಎದೆಗೆ ಸೇರುವ ಜಾಗದ ತುಂಡನ್ನು ಕಾಕ್ಸಾ ಎನ್ನುತ್ತಾರೆ. ಅಡೆಫಾಗಾದಲ್ಲಿ ಈ ಕಾಕ್ಸಾ ಎದೆಗೆ ಬೆಸೆದುಕೊಂಡು ಹಿಂದಕ್ಕೆ ಚಾಚಿ, ಹೊಟ್ಟೆಯ ಕೆಳಭಾಗದ ಮೊದಲ ಪಟ್ಟಿಯನ್ನು ನಡುವೆ ಕತ್ತರಿಸಿದಂತೆ ಎರಡು ಭಾಗ ಮಾಡುತ್ತದೆ. ಪಾಲಿಫಾಗಾದಲ್ಲಿ ಆ ಪಟ್ಟಿ ಹೀಗೆ ತುಂಡಾಗುವುದಿಲ್ಲ. ಪಾಲಿಫಾಗಾಕ್ಕೆ ಇನ್ನೊಂದು ಗುರುತಿದೆ: ಎದೆಯ ಮುಂಭಾಗದ ಪಕ್ಕದ ತಟ್ಟೆ ಒಳಗೆ ಸೇರಿಹೋಗಿರುತ್ತದೆ, ಹಾಗಾಗಿ ಬೇರೆ ಉಪಗಣಗಳಲ್ಲಿ ಅಲ್ಲಿ ಕಾಣುವ ಹೊಲಿಗೆಯಂಥ ಗೆರೆ ಇಲ್ಲಿ ಕಾಣುವುದಿಲ್ಲ. ಆರ್ಕೋಸ್ಟೆಮಾಟಾದ ಹಲವು ಹುಳುಗಳ ಮೇಲ್ರೆಕ್ಕೆಯಲ್ಲಿ ಸಾಲು ಸಾಲು ಕಿಟಕಿಯಂಥ ಚೌಕುಳಿಗಳಿರುತ್ತವೆ, ಜಾಲರಿ ಹಾಸಿದ ಹಾಗೆ. ಮೀಸೆಯಲ್ಲಿ ಎಷ್ಟು ಗೆಣ್ಣು, ಪಾದದಲ್ಲಿ ಎಷ್ಟು ತುಂಡು, ತೆಳು ರೆಕ್ಕೆ ಹೇಗೆ ಮಡಿಚಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ತೊಂದರೆ ಎಂದರೆ ಕಲ್ಲು ನಮಗೆ ಬೇಕಾದ ಕಡೆಯನ್ನೇ ಉಳಿಸುತ್ತದೆ ಎಂಬ ಖಾತ್ರಿ ಇಲ್ಲ. ಬೆನ್ನು ಮಾತ್ರ ಕಾಣುವ ಕಲ್ಲು ಸಿಕ್ಕರೆ ಹೊಟ್ಟೆಯ ಕಡೆಯ ಪ್ರಶ್ನೆಗಳಿಗೆಲ್ಲ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಆ ಚಿಹ್ನೆ ಹಾಕುವ ಧೈರ್ಯ ಇರುವವರ ವರದಿ ನನಗೆ ಜಾಸ್ತಿ ಇಷ್ಟ.

ಪ್ರಶ್ನೆ: ಬರೀ ಒಂದು ರೆಕ್ಕೆ ಸಿಕ್ಕರೂ ಹೊಸ ಕುಲ ಮಾಡುತ್ತಾರಂತೆ. ಹೌದಾ?

ಉತ್ತರ: ಹೌದು, ಮಾಡಿದ್ದಾರೆ. ಜೀರುಂಡೆ ಸತ್ತು ನೀರಿಗೆ ಬಿದ್ದರೆ ಮೆತ್ತನೆಯ ಭಾಗ ಕೊಳೆತು ಹೋಗುತ್ತದೆ, ಗಟ್ಟಿ ಮೇಲ್ರೆಕ್ಕೆ ಉಳಿಯುತ್ತದೆ. ಹಾಗಾಗಿ ಟ್ರಯಾಸಿಕ್ ಕಾಲದ ಮತ್ತು ಅದಕ್ಕೂ ಹಿಂದಿನ ಪರ್ಮಿಯನ್ ಕಾಲದ ಎಷ್ಟೋ ಕಡೆ ಸಿಗುವುದೇ ಬಿಡಿ ಮೇಲ್ರೆಕ್ಕೆಗಳು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಪರ್ಮಿಯನ್ ಕಲ್ಲುಗಳಿಂದ ರಾಬಿನ್ ಟಿಲ್ಯಾರ್ಡ್ 1924ರಲ್ಲಿ ಪರ್ಮೋಸೈನ್ ಎಂಬ ಕುಲ ವಿವರಿಸಿದ್ದು ಹೀಗೇ. ಗೀರುಸಾಲುಗಳಿರುವ ಬಿಡಿ ಮೇಲ್ರೆಕ್ಕೆಗಳು ಪರ್ಮೋಸೈನಿಡೇ ಕುಟುಂಬಕ್ಕೆ, ನುಣುಪಾದವು ಸ್ಕಿಜೋಕೋಲಿಡೇ ಕುಟುಂಬಕ್ಕೆ ಎಂದು ಹಂಚಿಡುವ ರೂಢಿ ಬಂತು.

ಇವು ನಿಜವಾದ ಬಂಧುಬಳಗಗಳು ಅಲ್ಲ ಎಂದು ಹಂಚಿಟ್ಟವರಿಗೂ ಗೊತ್ತಿತ್ತು. ಆಕಾರ ನೋಡಿ ಮಾಡಿದ ಗೂಡುಗಳು ಅಷ್ಟೇ. ನಾಳೆ ಇಡೀ ಮೈ ಸಿಕ್ಕರೆ ಒಂದೇ ಗೂಡಿನ ಎರಡು ರೆಕ್ಕೆಗಳು ಎರಡು ಉಪಗಣಕ್ಕೆ ಹೋಗಬಹುದು. ಗೂಡು ಇರಲಿ, ಅದಿಲ್ಲದಿದ್ದರೆ ಅಷ್ಟು ಕಲ್ಲುಗಳ ಬಗ್ಗೆ ಮಾತಾಡುವುದು ಹೇಗೆ? ಆದರೆ ಗೂಡಿನ ಹೆಸರುಗಳನ್ನು ಎಣಿಸಿ ‘ಆ ಕಾಲದಲ್ಲಿ ಇಷ್ಟು ಕುಟುಂಬ ಇದ್ದವು, ಇಷ್ಟು ಅಳಿದವು’ ಎಂದು ಲೆಕ್ಕ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಜೀರುಂಡೆ ಎಂದು ಹೆಸರಿಟ್ಟದ್ದು ಜೀರುಂಡೆಯೇ ಅಲ್ಲ ಎಂದಾದ ಉದಾಹರಣೆ ಇದೆಯಾ? ಆಗ ಹೆಸರು ಬದಲಾಯಿಸುತ್ತಾರಾ?

ಉತ್ತರ: ಇದೆ. ಎರಡು ಹೇಳುತ್ತೇನೆ, ಎರಡೂ ಬೇರೆ ಬೇರೆ ರೀತಿಯವು.

ಚೀನಾದ ಗಾನ್ಸು ಪ್ರಾಂತ್ಯದ ಯುಮೆನ್ ಎಂಬಲ್ಲಿ ಸಿಕ್ಕ ಕ್ರಿಟೇಷಿಯಸ್ ಕಾಲದ ಒಂದು ಕೀಟಕ್ಕೆ 1973ರಲ್ಲಿ ಉಮೆನೋಕೋಲಿಯಸ್ ಎಂದು ಹೆಸರಿಟ್ಟರು. ಗಟ್ಟಿಯಾದ ಮುಂದಿನ ರೆಕ್ಕೆ, ಮೇಲೆ ಗುಳಿಗಳು. ಯಾರು ನೋಡಿದರೂ ಜೀರುಂಡೆ ಎನ್ನಬೇಕು. ‘ಕೋಲಿಯಸ್’ ಎಂಬುದು ಒರೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಜೀರುಂಡೆಗಳ ಗಣದ ಹೆಸರು ಕೋಲಿಯಾಪ್ಟೆರಾದಲ್ಲಿ ಇರುವುದೂ ಅದೇ ಪದ. ಮುಂದೆ ವರ್ಷಗಟ್ಟಲೆ ಚರ್ಚೆ ನಡೆದು, ಮತ್ತೆ ಮತ್ತೆ ಪರೀಕ್ಷಿಸಿ, ಅದು ಜಿರಳೆ ಮತ್ತು ಸೂರ್ಯನ ಕುದುರೆಗಳ ಬಳಗದ್ದು ಎಂದು ತೀರ್ಮಾನಕ್ಕೆ ಬಂದರು. ಜೀರುಂಡೆಯ ಹಾಗೆ ಗಟ್ಟಿ ಮುಚ್ಚಳ ಹೊದ್ದ ಜಿರಳೆ ನೆಂಟ! ಹೆಸರು ಮಾತ್ರ ಉಮೆನೋಕೋಲಿಯಸ್ ಎಂದೇ ಉಳಿಯಿತು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಹೆಸರಿನ ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಹೆಸರನ್ನು ಬಿಡುವಂತಿಲ್ಲ. ಲೀಹರ್ಮೇನಿಯಾ ಹೆಸರು ಉಳಿದದ್ದೂ ಇದೇ ನಿಯಮದಿಂದ.

ಇನ್ನೊಂದು ಕಥೆ ನನಗೆ ತುಂಬಾ ಹತ್ತಿರದ್ದು. ಅಮೆರಿಕದ ಇಲಿನಾಯ್ ರಾಜ್ಯದ ಮೇಜನ್ ಕ್ರೀಕ್‌ನಲ್ಲಿ ಸಿಕ್ಕ ಅಡಿಫ್ಲೀಬಿಯಾ ಲಕೋವಾನಾ ಎಂಬ ಕೀಟ. ಸ್ಯಾಮ್ಯುಯೆಲ್ ಸ್ಕಡರ್ 1885ರಲ್ಲಿ ಹೆಸರಿಟ್ಟದ್ದು, ಕಾರ್ಬಾನಿಫೆರಸ್ ಕಾಲದ್ದು, 30 ಕೋಟಿ ವರ್ಷಕ್ಕೂ ಹಳೆಯದು. 2009ರಲ್ಲಿ ಒಲಿವಿಯರ್ ಬೆತೂ ಇದೇ ಅತಿ ಹಳೆಯ ಜೀರುಂಡೆ ಎಂದರು. ರೆಕ್ಕೆಯ ನರಗಳ ನಡುವೆ ಸಾಲಾಗಿ ಕಾಣುವ ಗಾಢ ಗುರುತುಗಳು ಜೀರುಂಡೆಯ ರೆಕ್ಕೆ ಗಟ್ಟಿಯಾಗಲು ತೊಡಗಿದ್ದರ ಗುರುತು ಎಂಬುದು ಅವರ ವಾದ. 2012ರಲ್ಲಿ ಯಾರ್ಮಿಲಾ ಕುಕಲೋವಾ-ಪೆಕ್ ಮತ್ತು ರಾಲ್ಫ್ ಬಾಯ್ಟೆಲ್ ಅವೇ ಮಾದರಿಗಳನ್ನು ಮತ್ತೆ ತೆಗೆದು ನೋಡಿದರು. ಗುರುತುಗಳು ನಾಲ್ಕೂ ರೆಕ್ಕೆಗಳಲ್ಲಿ ನಾಲ್ಕು ಥರ ಇದ್ದವು: ಸಂಖ್ಯೆ ಬೇರೆ, ಆಕಾರ ಬೇರೆ, ಜಾಗ ಬೇರೆ. ಚೆನ್ನಾಗಿ ಉಳಿದ ಭಾಗಗಳಲ್ಲಿ ಅವು ಇರಲೇ ಇಲ್ಲ. ದೇಹದ ಭಾಗವಾಗಿದ್ದರೆ ಎಡಕ್ಕೂ ಬಲಕ್ಕೂ ಹೊಂದಬೇಕಿತ್ತು. ಅವು ರೆಕ್ಕೆಗೆ ಅಂಟಿದ ಜೇಡಿಮಣ್ಣಿನ ಚಪ್ಪಟೆ ಚೂರುಗಳು ಎಂದು ಅವರು ತೋರಿಸಿಕೊಟ್ಟರು. ಮಣ್ಣಿನ ಚೂರು ಒಂದು ಗಣದ ವಯಸ್ಸನ್ನು ಹಿಂದಕ್ಕೆ ಎಳೆದಿತ್ತು.

ಇಲ್ಲಿ ಹೆಸರಿಗೂ ಕುತ್ತು ಬಂತು, ಅದಕ್ಕೆ ಕಾರಣ ಮಾತ್ರ ಬೇರೆ. ಇದು 1875ರಲ್ಲೇ ಹೆಸರಿಟ್ಟ ಪ್ಯಾಕಿಟೈಲಾಪ್ಸಿಸ್ ಎಂಬ ಕುಲವೇ ಎಂದು ಅವರಿಬ್ಬರೂ ಹೇಳಿದರು. ಒಂದೇ ಕುಲಕ್ಕೆ ಎರಡು ಹೆಸರಿದ್ದರೆ ಮೊದಲು ಬಂದದ್ದಕ್ಕೆ ಹಕ್ಕು. ಹತ್ತು ವರ್ಷ ತಡವಾಗಿ ಬಂದ ಅಡಿಫ್ಲೀಬಿಯಾ ಪಕ್ಕಕ್ಕೆ ಸರಿಯಬೇಕಾಗುತ್ತದೆ.

ಹೆಸರು ನಿಂತಿರುವುದು ಒಂದು ಸರಪಳಿಯ ಮೇಲೆ. ಕುಲದ ಹೆಸರು ಒಂದು ಪ್ರಭೇದಕ್ಕೆ ಕಟ್ಟಿಕೊಂಡಿರುತ್ತದೆ, ಆ ಪ್ರಭೇದದ ಹೆಸರು ಒಂದು ಮಾದರಿಗೆ. ಆ ಮಾದರಿಯೇ ಹೋಲೋಟೈಪ್. ಸಂಗ್ರಹಾಲಯಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಕೆಂಪು ಚೀಟಿ ಹಚ್ಚಿ ಬೇರೆಯಾಗಿ ಇಡುತ್ತಾರೆ. ಕುಟುಂಬ, ಉಪಗಣ, ಗಣ ಎಲ್ಲ ನಮ್ಮ ತೀರ್ಮಾನ, ಅವು ಬದಲಾಗಬಹುದು. ಆ ಕಲ್ಲು ಮತ್ತು ಹೆಸರಿನ ನಂಟು ಬದಲಾಗುವುದಿಲ್ಲ. ಅದರಿಂದಲೇ ಮುಂದಿನವರು ಅದೇ ಕಲ್ಲನ್ನು ತೆಗೆದು ‘ಹಿಂದಿನವರು ಇದನ್ನು ಸರಿಯಾಗಿ ನೋಡಿದ್ದಾರಾ?’ ಎಂದು ಪರೀಕ್ಷಿಸಲು ಆಗುವುದು.

ಪ್ರಶ್ನೆ: ಹಾಗಾದರೆ ಅತಿ ಹಳೆಯ ಜೀರುಂಡೆ ಯಾವುದು?

ಉತ್ತರ: ಜರ್ಮನಿಯಲ್ಲಿ ಸಿಕ್ಕ ಕೋಲಿಯಾಪ್ಸಿಸ್ ಎಂಬ ಕುಲ. 2014ರಲ್ಲಿ ವಿವರಿಸಿದರು. ಪರ್ಮಿಯನ್ ಕಾಲದ ಆರಂಭದ್ದು, 29 ಕೋಟಿ ವರ್ಷಕ್ಕಿಂತ ಹಳೆಯದು. ಅದಕ್ಕಿಂತ ಮೊದಲೇ ಪ್ರಸಿದ್ಧವಾಗಿದ್ದದ್ದು ರಷ್ಯಾದ ಉರಲ್ ಸೀಮೆಯ ಚೆಕಾರ್ದಾದಲ್ಲಿ ಸಿಕ್ಕ ಚೆಕಾರ್ಡೋಕೋಲಿಯಸ್. ಇವನ್ನೆಲ್ಲ ನಾಲ್ಕು ಉಪಗಣಗಳಲ್ಲಿ ಯಾವುದಕ್ಕೂ ಸೇರಿಸುವುದಿಲ್ಲ. ನಾಲ್ಕೂ ಕವಲೊಡೆಯುವ ಮೊದಲೇ ಬುಡದಲ್ಲಿ ಚಿಗುರಿದ ಕೊಂಬೆಗಳು ಅವು. ಮೇಲ್ರೆಕ್ಕೆ ಇದ್ದರೂ ಇವತ್ತಿನ ಜೀರುಂಡೆಯಷ್ಟು ಬಿಗಿಯಾಗಿ ಮೈಗೆ ಕೂತಿರಲಿಲ್ಲ, ಹೊಟ್ಟೆಯ ತುದಿ ದಾಟಿ ಹಿಂದಕ್ಕೆ ಚಾಚಿರುತ್ತಿತ್ತು.

ಪ್ರಶ್ನೆ: ಇಷ್ಟೆಲ್ಲ ಗೊಂದಲ ಯಾಕೆ? ಡಿಎನ್‌ಎ ತೆಗೆದು ನೋಡಿದರೆ ಆಯ್ತಲ್ಲ?

ಉತ್ತರ: ಅದು ಉಳಿದಿದ್ದರೆ ತಾನೇ! 1993ರಲ್ಲಿ ಲೆಬನಾನಿನ ಅಂಬರ್‌ನೊಳಗಿನ (ಕಲ್ಲಾದ ಮರದ ಅಂಟು), 12 ಕೋಟಿ ವರ್ಷಕ್ಕೂ ಹಳೆಯ ಮೂತಿಹುಳುವಿನಿಂದ ಡಿಎನ್‌ಎ ತೆಗೆದೆವು ಎಂದು ಒಂದು ತಂಡ ಪ್ರಕಟಿಸಿತ್ತು. ಮೂತಿಹುಳುವೂ ಜೀರುಂಡೆಯೇ. ಸುದ್ದಿ ಜೋರಾಯಿತು. ಆಮೇಲೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಅಂಬರ್ ಕೀಟಗಳಿಂದ ಡಿಎನ್‌ಎ ತೆಗೆಯಲು ತುಂಬಾ ಎಚ್ಚರದಿಂದ ಪ್ರಯತ್ನಿಸಿದರು. ಏನೂ ಸಿಗಲಿಲ್ಲ, 1997ರಲ್ಲಿ ಹಾಗೆಂದೇ ಪ್ರಕಟಿಸಿದರು. ಮೊದಲು ಸಿಕ್ಕದ್ದು ಹೊರಗಿನಿಂದ ಸೇರಿಕೊಂಡ ಡಿಎನ್‌ಎ ಎಂಬುದು ಈಗಿನ ಒಮ್ಮತ. ಇಲ್ಲಿಯವರೆಗೆ ಓದಲು ಸಿಕ್ಕ ಅತಿ ಹಳೆಯ ಡಿಎನ್‌ಎ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನದು, ಸುಮಾರು 20 ಲಕ್ಷ ವರ್ಷದ್ದು. ಕೋಟಿ ವರ್ಷಗಳ ಜೀರುಂಡೆಗೆ ಆಕಾರ ಒಂದೇ ಸಾಕ್ಷಿ.

ಪ್ರಶ್ನೆ: ಹೊಸ ಯಂತ್ರಗಳಿಂದ ಏನಾದರೂ ಉಪಯೋಗ ಆಗಿದೆಯಾ?

ಉತ್ತರ: ಆಗಿದೆ, ಅದೂ ಯಾರೂ ಕೈ ಹಾಕದ ಜಾಗದಲ್ಲಿ. ಪೋಲೆಂಡಿನ ಕ್ರಾಸಿಯೇಯುಫ್ ಎಂಬಲ್ಲಿ ಸುಮಾರು 23 ಕೋಟಿ ವರ್ಷ ಹಳೆಯ, ಕಲ್ಲಾಗಿ ಹೋದ ಹಿಕ್ಕೆಗಳು ಸಿಗುತ್ತವೆ. ಅದರಲ್ಲಿ ಒಂದನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್‌ನಲ್ಲಿ ಇಟ್ಟು, ಬಲವಾದ ಎಕ್ಸ್‌ರೇ ಹಾಯಿಸಿ ಒಳಗಿನ ಚಿತ್ರ ತೆಗೆದರು. ಕಲ್ಲು ಒಡೆಯಲೇ ಇಲ್ಲ. ಒಳಗೆ ಜೀರುಂಡೆಗಳ ರಾಶಿ! ಹೆಚ್ಚಿನವು ಚೂರುಗಳು, ಕೆಲವು ಮಾತ್ರ ಕಾಲು ಮೀಸೆ ಸಮೇತ ಹಾಗೇ ಇದ್ದವು, ಒಂದೂವರೆ ಮಿಲಿಮೀಟರ್ ಆಸುಪಾಸಿನ ಹುಳುಗಳು. ಚಪ್ಪಟೆ ಆಗಿರಲಿಲ್ಲ, ಎಲ್ಲ ಕಡೆಯಿಂದ ತಿರುಗಿಸಿ ನೋಡುವ ಹಾಗೆ ಉಳಿದಿದ್ದವು. ಹೊಟ್ಟೆಯ ಕಡೆಯೂ ಕಾಣುತ್ತಿತ್ತು! ಮೇಲೆ ಹೇಳಿದೆನಲ್ಲ, ಬೇಕಾದ್ದು ಅದೇ ಕಡೆ.

2021ರಲ್ಲಿ ಅದಕ್ಕೆ ಟ್ರಯಾಮಿಕ್ಸಾ ಕೋಪ್ರೋಲಿಥಿಕಾ ಎಂದು ಹೆಸರಿಟ್ಟರು. ಟ್ರಯಾಸಿಕ್ ಕಾಲದ ಮಿಕ್ಸೋಫಾಗಾ, ಹಿಕ್ಕೆಗಲ್ಲಿನಲ್ಲಿ ಸಿಕ್ಕದ್ದು ಎಂದು ಹೆಸರಿನಲ್ಲೇ ಬಂತು. ಹೊಸ ಕುಲ, ಅದಕ್ಕೊಂದು ಹೊಸ ಕುಟುಂಬ. ಹಿಕ್ಕೆ ಹಾಕಿದ್ದು ಬಹುಶಃ ಸಿಲೆಸಾರಸ್ ಎಂಬ ಡೈನೋಸಾರ್‌ಗಳ ನೆಂಟ, ಸುಮಾರು 2 ಮೀಟರ್ ಉದ್ದದ ಪ್ರಾಣಿ. ಅಷ್ಟು ಪುಟ್ಟ ಹುಳುಗಳನ್ನು ಅದು ಆರಿಸಿ ತಿಂದಿರಲಾರದು, ಪಾಚಿಯ ಜೊತೆ ನುಂಗಿರಬೇಕು ಎಂದು ನನ್ನ ಊಹೆ. ಗಟ್ಟಿ ಮೈ ಇದ್ದದ್ದಕ್ಕೇ ಅವು ಆ ಹೊಟ್ಟೆ ದಾಟಿ ಬಂದವು.

ಟ್ರಯಾಮಿಕ್ಸಾವನ್ನು ವಿವರಿಸಿದ ತಂಡದಲ್ಲೂ ಫಿಕಾಚೆಕ್ ಇದ್ದರು, ಲೀಹರ್ಮೇನಿಯಾವನ್ನು ರೋವ್ ಬೀಟಲ್ ಮನೆಯಿಂದ ಹೊರಗೆ ತಂದವರು. ಎರಡೂ ಟ್ರಯಾಸಿಕ್ ಕಾಲದವು, ಎರಡೂ ಈಗ ಮಿಕ್ಸೋಫಾಗಾದಲ್ಲಿವೆ. ಒಂದು ಕಪ್ಪು ಕಲ್ಲಿನ ಮೇಲಿನ ಚಪ್ಪಟೆ ಗುರುತು. ಇನ್ನೊಂದರ ಮೀಸೆಯ ಗೆಣ್ಣುಗಳನ್ನು ಪರದೆಯ ಮೇಲೆ ಒಂದೊಂದಾಗಿ ಎಣಿಸಬಹುದು, ಆಲ್ಕೋಹಾಲ್ ಆರುವ ಅವಸರವಿಲ್ಲದೆ.